ಗುರುವನ್ನು ಗೆದ್ದ ಶಿಷ್ಯರು

ತಮ್ಮಲ್ಲಿ ಓದಿ ಮುಂದೆ ಹೆಸರಾದವರನ್ನು ವಿಶ್ವವಿದ್ಯಾನಿಲಯಗಳು ಕರೆದು ಗೌರವಿಸುವ ಪದ್ಧತಿ ಇಂದು ಅನೇಕ ದೇಶಗಳಲ್ಲಿ ಉಂಟು. ಎಂಜಿನಿಯರಿಂಗ್ ಕಾಲೇಜಿಗೆ ಈ ಕೆಲಸ ಸುಲಭ. ತನ್ನ ಶಿಷ್ಯನು ಕಟ್ಟಿದ ಅಣೆಕಟ್ಟನ್ನೋ ಸೇತುವೆಯನ್ನೋ ಅದು ಬೆರಳಿಟ್ಟು ತೋರಿಸಬಹುದು. ವೈದ್ಯಕೀಯ ಕಾಲೇಜಿಗೂ ಕಷ್ಟವಿಲ್ಲ. ಬದುಕಿ ಉಳಿದ ರೋಗಿಗಳೇ ಅದಕ್ಕೆ ಸಾಕ್ಷಿ. ಆದರೆ ಉಪಾಧ್ಯಾಯರನ್ನೂ ಮನಶ್ಶಾಸ್ತ್ರಜ್ಞರನ್ನೂ ತಯಾರು ಮಾಡುವ ಕಾಲೇಜು ಏನನ್ನು ತೋರಿಸೀತು? ಅದರ ಶಿಷ್ಯರ ಕೆಲಸವೆಲ್ಲ ಪರರ ಮಕ್ಕಳ ಮನಸ್ಸಿನೊಳಗೆ ಅಡಗಿ ಹೋಗಿರುತ್ತದೆ.

ಹಾಗಾದರೆ ಇಂಥ ವಿದ್ಯಾಸಂಸ್ಥೆಯ ಕೀರ್ತಿಯನ್ನು ಅಳೆಯುವುದು ಹೇಗೆ? ಎಲ್ಲರ ಮೇಲೂ ಜಯವನ್ನು ಬಯಸು, ಶಿಷ್ಯನಿಂದ ಮಾತ್ರ ಸೋಲನ್ನು ಬಯಸು ಎಂದು ನಮ್ಮ ಹಿರಿಯರು ಗುರುವಿಗೆ ಹೇಳಿದ್ದಾರೆ. ಈ ಮಾತನ್ನು ನಾವು ಸಭೆಗಳಲ್ಲಿ ಅಲಂಕಾರಕ್ಕಾಗಿ ಬಳಸುವುದೇ ಹೆಚ್ಚು. ಅದನ್ನು ನಿಜವಾದ ಅಳತೆಗೋಲಾಗಿ ಹಿಡಿದು ನೋಡಿದರೆ ಏನು ಕಾಣಬರುತ್ತದೆ ಎಂಬುದನ್ನು ನ್ಯೂಯಾರ್ಕ್ ನಗರದ ಒಂದು ಪ್ರಸಿದ್ಧ ಸಂಸ್ಥೆಯ ಚರಿತ್ರೆಯಿಂದ ವಿಚಾರಿಸೋಣ. ಆ ಸಂಸ್ಥೆ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಟೀಚರ್ಸ್ ಕಾಲೇಜು.

ಅದರ ಹುಟ್ಟು ಬಹಳ ಸಾಮಾನ್ಯವಾದುದು. ಗ್ರೇಸ್ ಡಾಡ್ಜ್ ಎಂಬ ಶ್ರೀಮಂತ ಮನೆತನದ ತರುಣಿ 1880ರಲ್ಲಿ ಬಡವರ ಹೆಣ್ಣುಮಕ್ಕಳಿಗೆ ಆಟಪಾಟಗಳ ಮೂಲಕ ಮನೆವಾರ್ತೆಯನ್ನು ಕಲಿಸುವ ಒಂದು ಸಂಘವನ್ನು ಕಟ್ಟಿದರು. ಕಿಂಡರ್‌ಗಾರ್ಟನ್ ಎಂಬ ಹೆಸರನ್ನೇ ಸ್ವಲ್ಪ ತಿರುಗಿಸಿ ಅದಕ್ಕೆ ಕಿಚನ್ ಗಾರ್ಡನ್ ಸಂಘವೆಂದು ಹೆಸರಿಟ್ಟಿದ್ದರು. 1884ರಲ್ಲಿ ಅದು ಕೈಗಾರಿಕಾ ಶಿಕ್ಷಣದ ಸಂಘವಾಯಿತು. ಮಕ್ಕಳಿಗೆ ಕಲಿಸಬೇಕಾದರೆ ಮೊದಲು ಕಲಿಸುವವರನ್ನು ಸಿದ್ಧಗೊಳಿಸಬೇಕು ಎಂಬುದು ಬೇಗನೆ ಮನವರಿಕೆಯಾದುದರಿಂದ 1887ರಲ್ಲಿ ಉಪಾಧ್ಯಾಯರ ತರಬೇತಿಯ ಶಾಲೆ ಪ್ರಾರಂಭವಾಯಿತು. ಟೀಚರ್ಸ್ ಕಾಲೇಜು ಎಂಬ ಹೆಸರು 1892ರಲ್ಲಿ ಸ್ಥಿರವಾಯಿತು. ಕೊಲಂಬಿಯಾದೊಡನೆ ಸಂಬಂಧ 1898ರಲ್ಲಿ ಕೂಡಿಬಂದಿತು. ಪಾಠ ಹೇಳುವುದೂ ಒಂದು ಶಾಸ್ತ್ರವೇ ಎಂಬ ಸಂದೇಹ ಆಗಿನ ಪಂಡಿತರಲ್ಲಿ ಅನೇಕರಿಗೆ ಇದ್ದಿತು. ಅಡಿಗೆಮನೆಯ ಬಾಗಿಲಿನಿಂದ ಬಂದ ಈ ಕಾಲೇಜು ವಿಶ್ವವಿದ್ಯಾನಿಲಯದ ಹೆಬ್ಬಾಗಿಲನ್ನು ಮುಟ್ಟಲು ಹದಿನೆಂಟು ವರ್ಷಗಳು ಹಿಡಿದವು.

ಈ ಕಾಲೇಜಿನ ಮೇಲೆ ಇಬ್ಬರು ಗುರುಗಳ ನೆರಳು ಬಹುಕಾಲ ಬಿದ್ದಿತ್ತು. ಒಬ್ಬರು ಎಡ್ವರ್ಡ್ ಥಾರ್ನ್‌ಡೈಕ್. ಪಟ್ಟಿಗಳಿಂದ ಮಾಡಿದ ಪೆಟ್ಟಿಗೆಯಲ್ಲಿ ಹಸಿದ ಬೆಕ್ಕನ್ನು ಕೂಡಿ, ಹೊರಗೆ ಆಹಾರವಿಟ್ಟು, ಅದು ಅಗುಳಿಯನ್ನು ತೆಗೆದು ಹೊರಬರಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಮತ್ತೆ ಮತ್ತೆ ಅಳೆದು, ಕಲಿಕೆಯ ನಿಯಮಗಳನ್ನು ನಿರೂಪಿಸಿದವರು ಇವರು. 1899ರಲ್ಲಿ ಕಾಲೇಜಿಗೆ ಬಂದು 1940ರ ವರೆಗೆ ಅಲ್ಲಿಯೇ ಇದ್ದರು. ಇರುವುದೆಲ್ಲಕ್ಕೂ ಒಂದು ಪ್ರಮಾಣವಿದೆ, ಆದುದರಿಂದ ಅದನ್ನು ಅಳೆಯಬಹುದು ಎಂಬುದು ಇವರ ನಂಬಿಕೆ. ಇನ್ನೊಬ್ಬರು ತತ್ತ್ವಜ್ಞಾನಿ ಜಾನ್ ಡ್ಯೂಯಿ. ಇವರು ಕೊಲಂಬಿಯಾದ ತತ್ತ್ವಶಾಸ್ತ್ರ ವಿಭಾಗಕ್ಕೆ ಬಂದವರಾದರೂ ಟೀಚರ್ಸ್ ಕಾಲೇಜಿನ ವಿದ್ಯಾರ್ಥಿಗಳಿಗೂ ಪಾಠ ಹೇಳುತ್ತಿದ್ದರು. ಶಾಲೆಯು ಮುಂದಿನ ಬಾಳಿಗೆ ಬರಿಯ ಸಿದ್ಧತೆಯಲ್ಲ, ಅದೇ ಒಂದು ಬಾಳು ಎಂದು ಬೋಧಿಸಿದವರು ಇವರು. ಒಬ್ಬರ ಕೈಯಲ್ಲಿ ಅಳತೆಗೋಲು, ಇನ್ನೊಬ್ಬರ ಕಣ್ಣಿನಲ್ಲಿ ಸಮಾಜ. ಇವರ ಶಿಷ್ಯರು ಮಾಡಿದುದೇನು?

ಮೊದಲು ಲೀಟಾ ಹಾಲಿಂಗ್‌ವರ್ತ್ ಎಂಬಾಕೆಯನ್ನು ನೋಡೋಣ. ನೆಬ್ರಾಸ್ಕ ಪ್ರಾಂತದಲ್ಲಿ ಹುಟ್ಟಿ ಅಲ್ಲಿಯೇ ಉಪಾಧ್ಯಾಯಿನಿಯಾಗಿದ್ದ ಈಕೆ 1908ರಲ್ಲಿ ಮದುವೆಯಾಗಿ ನ್ಯೂಯಾರ್ಕಿಗೆ ಬಂದರು. ವಿವಾಹಿತ ಸ್ತ್ರೀಗೆ ಶಾಲೆಯಲ್ಲಿ ಕೆಲಸವಿಲ್ಲವೆಂಬುದು ಆ ನಗರದ ಆಗಿನ ನಿಯಮ. ಕಲಿಸಬಲ್ಲವರು ಕೈಕಟ್ಟಿ ಮನೆಯಲ್ಲಿ ಕುಳಿತರು. ಕೆಲವು ವರ್ಷಗಳ ಮೇಲೆ ಟೀಚರ್ಸ್ ಕಾಲೇಜನ್ನು ಸೇರಿ ಥಾರ್ನ್‌ಡೈಕರ ಶಿಷ್ಯೆಯಾದರು.

ಆ ಕಾಲದ ವಿದ್ವಾಂಸರಲ್ಲಿ ಒಂದು ವಾದ ಬೇರೂರಿತ್ತು. ಗಂಡಸರಲ್ಲಿ ಮಹಾಪ್ರತಿಭೆಯೂ ಹೆಚ್ಚು, ಬುದ್ಧಿಮಾಂದ್ಯವೂ ಹೆಚ್ಚು. ಹೆಂಗಸರಾದರೋ ನಡುವಿನ ಮಟ್ಟದಲ್ಲಿಯೇ ಗುಂಪುಗೂಡಿರುತ್ತಾರೆ. ಆದುದರಿಂದ ಅವರಿಗೆ ಉನ್ನತ ವಿದ್ಯೆಯಿಂದ ಅಷ್ಟಾಗಿ ಪ್ರಯೋಜನವಿಲ್ಲ ಎಂಬುದು ಆ ವಾದ. ಥಾರ್ನ್‌ಡೈಕರೂ ಇದನ್ನು ಎತ್ತಿ ಹಿಡಿದವರೇ. ಶಿಷ್ಯೆ ಗುರುವಿನೊಡನೆ ಮಾತಿನ ಜಗಳಕ್ಕೆ ಹೋಗಲಿಲ್ಲ. ಗುರುವೇ ಕೊಟ್ಟ ಅಳತೆಗೋಲನ್ನು ಕೈಗೆತ್ತಿಕೊಂಡರು. ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ 1000 ಗಂಡು ಶಿಶುಗಳ ಮತ್ತು 1000 ಹೆಣ್ಣು ಶಿಶುಗಳ ಅಳತೆಗಳನ್ನು ಇನ್ನೊಬ್ಬ ಮಹಿಳೆಯೊಡನೆ ಸೇರಿ ಪರಿಶೀಲಿಸಿದರು. ಗಂಡುಮಕ್ಕಳಲ್ಲಿ ವೈವಿಧ್ಯ ಹೆಚ್ಚೆಂಬುದಕ್ಕೆ ಆಧಾರ ದೊರೆಯಲಿಲ್ಲ. ಹಾಗಾದರೆ ಬುದ್ಧಿಮಾಂದ್ಯರ ಸಂಸ್ಥೆಗಳಿಗೆ ಹುಡುಗರೇ ಹೆಚ್ಚಾಗಿ ಬರುವುದೇಕೆ? ಪರೀಕ್ಷೆಗೆ ಬಂದವರ ವಯಸ್ಸನ್ನು ಆಕೆ ಗಮನಿಸಿದರು. ಮಂದಬುದ್ಧಿಯ ಹುಡುಗನು ಹೊರಗೆ ದುಡಿಯಲಾರದೆ ಎಳೆಯ ವಯಸ್ಸಿನಲ್ಲೇ ಸಿಕ್ಕಿಬೀಳುತ್ತಾನೆ. ಅಂಥ ಹುಡುಗಿಯಾದರೋ ಮನೆಗೆಲಸ ಮಾಡಿಕೊಂಡು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತಾಳೆ. ಪ್ರಕೃತಿಯ ಭೇದವೆಂದು ಕಂಡುದು ನಿಜವಾಗಿ ಸಮಾಜದ ಏರ್ಪಾಟು!

ಆಕೆಯ ಡಾಕ್ಟರೇಟ್ ಪ್ರಬಂಧವೂ ಇದೇ ದಾರಿಯದು. ತಿಂಗಳಿನ ಕೆಲವು ದಿನಗಳಲ್ಲಿ ಸ್ತ್ರೀಯರ ಬುದ್ಧಿಶಕ್ತಿ ಕುಗ್ಗುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು 23 ಮಹಿಳೆಯರ ಕೈಯ ಸ್ಥಿರತೆ, ಬೆರಳಿನ ವೇಗ ಮೊದಲಾದುವನ್ನು ಮತ್ತೆ ಮತ್ತೆ ಅಳೆದರು. ಅಂಥ ಕುಗ್ಗು ಯಾವುದೂ ಕಾಣಲಿಲ್ಲ. ಈ ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದವರು ಥಾರ್ನ್‌ಡೈಕರೇ ಎಂಬುದನ್ನು ಮರೆಯಬಾರದು. 1916ರಲ್ಲಿ ಪದವಿ ದೊರೆಯಿತು. ಮದುವೆಯಾದವಳೆಂದು ಶಾಲೆಯ ಬಾಗಿಲು ಮುಚ್ಚಿದ್ದ ನಗರದಲ್ಲಿಯೇ ಆಕೆ ಉಪಾಧ್ಯಾಯರಿಗೆ ಉಪಾಧ್ಯಾಯಿನಿಯಾದರು.

ಆಕೆಯ ತರಗತಿಗೆ ಮುಂದೆ ಒಬ್ಬ ತರುಣ ಬಂದನು. ಪಾದ್ರಿಯಾಗಬೇಕೆಂದು ಬೀದಿಯ ಆಚೆಯ ಧರ್ಮಶಾಸ್ತ್ರದ ವಿದ್ಯಾಲಯದಲ್ಲಿ ಎರಡು ವರ್ಷ ಓದಿ, ಮನಸ್ಸು ಬದಲಾಗಿ ಈಚೆಗೆ ದಾಟಿ ಬಂದವನು. ಹೆಸರು ಕಾರ್ಲ್ ರಾಜರ್ಸ್. ಮಕ್ಕಳ ಮನಸ್ಸಿನ ತೊಂದರೆಗಳನ್ನು ಹತ್ತಿರದಿಂದ ನೋಡುವ ಅಭ್ಯಾಸ ಅವರಿಗೆ ದೊರೆತುದು ಹಾಲಿಂಗ್‌ವರ್ತರ ಬಳಿಯಲ್ಲಿ. 1931ರಲ್ಲಿ ರಾಜರ್ಸರಿಗೆ ಡಾಕ್ಟರೇಟ್ ತಂದುಕೊಟ್ಟ ಪ್ರಬಂಧವು ಒಂಬತ್ತರಿಂದ ಹದಿಮೂರು ವಯಸ್ಸಿನ ಮಕ್ಕಳ ಮನಃಸ್ಥಿತಿಯನ್ನು ಅಳೆಯುವ ಒಂದು ಪರೀಕ್ಷೆ. ಇಲ್ಲಿಯೂ ಅಳತೆಯೇ!

ಆದರೆ ರಾಚೆಸ್ಟರ್ ಪಟ್ಟಣದ ಒಂದು ಮಕ್ಕಳ ಸಂಸ್ಥೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದಾಗ ಅಳತೆಯ ಮಿತಿ ಅವರಿಗೆ ಗೋಚರವಾಯಿತು. ತಂಟೆಕೋರ ಹುಡುಗನೊಬ್ಬನ ತಾಯಿಗೆ, ತಪ್ಪಿನ ಬೇರು ಆಕೆಯಲ್ಲಿಯೇ ಇದೆಯೆಂದು ಅವರು ವಾರಗಟ್ಟಲೆ ಬಿಡಿಸಿ ಬಿಡಿಸಿ ಹೇಳಿದರು. ಫಲ ಸೊನ್ನೆ. ಇನ್ನು ನಿಲ್ಲಿಸೋಣವೆಂದು ಇಬ್ಬರೂ ಒಪ್ಪಿ ಎದ್ದರು. ಬಾಗಿಲವರೆಗೆ ಹೋದ ತಾಯಿ ತಿರುಗಿ ನಿಂತು, ದೊಡ್ಡವರಿಗೂ ಇಲ್ಲಿ ಸಲಹೆ ಕೊಡುತ್ತೀರೋ ಎಂದು ಕೇಳಿದಳು. ಮತ್ತೆ ಬಂದು ಕುಳಿತು ತನ್ನ ಸಂಸಾರದ ಸಂಕಟವನ್ನೆಲ್ಲ ತೋಡಿಕೊಂಡಳು. ರಾಜರ್ಸರು ಹೆಚ್ಚೇನೂ ಮಾತಾಡಲಿಲ್ಲ; ಕಿವಿಗೊಟ್ಟು ಕೇಳಿದರು. ಕೊನೆಗೆ ಹುಡುಗನೂ ಸರಿಹೋದನು. ನೋವು ಎಲ್ಲಿದೆಯೆಂಬುದು ನೋಯುವವನಿಗೇ ತಿಳಿದಿರುತ್ತದೆ, ನಾವು ಮೊದಲು ಆಲಿಸಬೇಕು ಎಂಬ ತತ್ತ್ವ ಹೀಗೆ ಬೆಳೆದು 1942ರ ಮತ್ತು 1951ರ ಅವರ ಗ್ರಂಥಗಳಲ್ಲಿ ಲೋಕಕ್ಕೆ ತಿಳಿಯಿತು. ಹಾಲಿಂಗ್‌ವರ್ತರು ಗುರುವಿನ ಅಳತೆಗೋಲಿನಿಂದಲೇ ಗುರುವನ್ನು ಗೆದ್ದರು. ರಾಜರ್ಸರು ಅಳತೆಗೋಲನ್ನು ಪಕ್ಕಕ್ಕಿಟ್ಟು ಗೆದ್ದರು.

ಇನ್ನು ಡ್ಯೂಯಿಯವರ ಕಡೆಯ ಶಿಷ್ಯರಲ್ಲೊಬ್ಬರನ್ನು ಕಾಣಲು ಚೀನಾ ದೇಶಕ್ಕೆ ಹೋಗಬೇಕು. 1915ರಿಂದ 1917ರ ವರೆಗೆ ಟೀಚರ್ಸ್ ಕಾಲೇಜಿನಲ್ಲಿ ಓದಿದ ತಾವೊ ಶಿಂಗ್‌ಜಿ ಎಂಬವರು ಸ್ವದೇಶಕ್ಕೆ ಮರಳಿ, ಗುರುವಿನ ತತ್ತ್ವವನ್ನು ಹಾಗೆಯೇ ನೆಡಲು ನೋಡಿದರು. ಆದರೆ ಅಮೆರಿಕದಲ್ಲಿ ಶಾಲೆ ಎಲ್ಲೆಲ್ಲೂ ಇದ್ದಿತು; ಶಾಲೆಯನ್ನು ಬಾಳಿನಂತೆ ಮಾಡಿರೆಂದರೆ ಅರ್ಥವಿತ್ತು. ಚೀನಾದ ಹಳ್ಳಿಯಲ್ಲಿ ಶಾಲೆಯೇ ಇಲ್ಲ. ಆದುದರಿಂದ ಅವರು ಸೂತ್ರವನ್ನೇ ತಲೆಕೆಳಗು ಮಾಡಿದರು. ವಿದ್ಯೆಯೇ ಬಾಳು ಎಂಬುದು ಗುರುವಿನ ಮಾತಾದರೆ, ಬಾಳೇ ವಿದ್ಯೆ ಎಂಬುದು ಶಿಷ್ಯನ ಮಾತಾಯಿತು. 1927ರಲ್ಲಿ ನಾನ್‌ಜಿಂಗ್ ನಗರದ ಹೊರಗೆ ಹಳ್ಳಿಯ ಉಪಾಧ್ಯಾಯರಿಗಾಗಿ ಅವರು ಒಂದು ಶಾಲೆಯನ್ನು ತೆರೆದರು. ಅಲ್ಲಿ ಗುರುಗಳೂ ಶಿಷ್ಯರೂ ಗದ್ದೆಯಲ್ಲಿ ದುಡಿಯುತ್ತ ಕಲಿತರು. 1930ರಲ್ಲಿ ಸರ್ಕಾರ ಅದನ್ನು ಮುಚ್ಚಿತು. ತಾವೊ ಜಪಾನಿಗೆ ತಪ್ಪಿಸಿಕೊಂಡು ಹೋಗಬೇಕಾಯಿತು.

ಮರಳಿ ಬಂದ ಮೇಲೆ ಅವರು ಪುಟ್ಟ ಉಪಾಧ್ಯಾಯರ ಪದ್ಧತಿಯನ್ನು ಹರಡಿದರು. ಬೆಳಿಗ್ಗೆ ನಾಲ್ಕು ಅಕ್ಷರ ಕಲಿತ ಮಗು ಸಂಜೆ ಅಜ್ಜಿಗೆ ಅದನ್ನು ಕಲಿಸುವುದು. ಇದು ಪುಸ್ತಕದಲ್ಲಿ ಓದಿದ ಯುಕ್ತಿಯಲ್ಲ. ಅವರ ತಾಯಿಗೆ ಓದು ಕಲಿಸಿದವನು ಅವರ ಎಳೆಯ ಮಗ. ಅವರ ಮೊದಲಿನ ಹೆಸರು ಜಿಶಿಂಗ್, ಎಂದರೆ ಮೊದಲು ಅರಿವು, ಆಮೇಲೆ ಕ್ರಿಯೆ. ಅದನ್ನು 1934ರಲ್ಲಿ ಶಿಂಗ್‌ಜಿ ಎಂದು ತಿರುಗಿಸಿಕೊಂಡರು: ಮೊದಲು ಕ್ರಿಯೆ, ಆಮೇಲೆ ಅರಿವು. ಜ್ಞಾನವೋ ಕರ್ಮವೋ ಎಂದು ತಲೆತಲಾಂತರದಿಂದ ಚರ್ಚಿಸುತ್ತ ಬಂದ ನಮ್ಮ ಜನರಿಗೆ ಈ ಹೆಸರಿನ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ ವಾರ್ಧಾ ಶಿಕ್ಷಣ ಯೋಜನೆ 1937ರಲ್ಲಿ ರೂಪುಗೊಂಡಿತಷ್ಟೆ. ಮರುವರ್ಷವೇ ತಾವೊ ಭಾರತಕ್ಕೆ ಬಂದು ಗಾಂಧೀಜಿಯವರನ್ನು ಕಂಡರು. ದುಡಿಮೆಯ ಮೂಲಕ ವಿದ್ಯೆ ಎಂಬ ಒಂದೇ ತತ್ತ್ವಕ್ಕೆ ಎರಡು ದಾರಿಗಳಿಂದ ಬಂದವರ ಭೇಟಿ ಅದು.

ಕೊನೆಯದಾಗಿ ಷರ್ಲಿ ಚಿಸಮ್. ಕೆರಿಬಿಯನ್ ಪ್ರದೇಶದಿಂದ ವಲಸೆ ಬಂದ ಬಡ ಕರಿಯ ದಂಪತಿಗಳ ಮಗಳು. ಟೀಚರ್ಸ್ ಕಾಲೇಜಿನಲ್ಲಿ ಶಿಶುಶಿಕ್ಷಣದ ಎಂ.ಎ. ಪದವಿ ಪಡೆದು ಶಿಶುವಿಹಾರಗಳನ್ನು ನಡೆಸಿದವರು. 1968ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಕರಿಯ ಮಹಿಳೆ ಈಕೆಯೇ. 1972ರಲ್ಲಿ ಅಧ್ಯಕ್ಷಪದವಿಗೂ ಸ್ಪರ್ಧಿಸಿದರು. ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುವಿಹಾರಗಳು ಬೇಕೆಂದು ಶಾಸನಸಭೆಯಲ್ಲಿ ಹೋರಾಡಿದರು. ಆ ಉದ್ದೇಶದ ಮಸೂದೆಯೊಂದನ್ನು ಕಾಂಗ್ರೆಸ್ಸು ಒಪ್ಪಿದರೂ 1971ರಲ್ಲಿ ಅಧ್ಯಕ್ಷ ನಿಕ್ಸನ್ ತಡೆದರು. ಆದರೂ ಚಿಸಮ್ ಬಿಡಲಿಲ್ಲ.

ಈ ಕಥೆಗೆ ಇನ್ನೊಂದು ಮುಖವಿದೆ. ಕಾಲೇಜಿನ ಒಂದು ಕಟ್ಟಡಕ್ಕೆ ಥಾರ್ನ್‌ಡೈಕರ ಹೆಸರಿಟ್ಟಿದ್ದರು. ಬುದ್ಧಿಯು ಜನಾಂಗದಿಂದ ಬರುತ್ತದೆ, ಕೀಳು ಬುದ್ಧಿಯವರ ಸಂತಾನವನ್ನು ತಡೆಯಬೇಕು ಎಂಬ ಮಾತುಗಳನ್ನು ಅವರು ಬರೆದಿದ್ದುದು ತಿಳಿಯದ ವಿಷಯವೇನಲ್ಲ. 2020ರಲ್ಲಿ ಕಾಲೇಜಿನ ಆಡಳಿತ ಮಂಡಲಿಯು ಅದನ್ನು ವಿಚಾರಿಸಿ ಆ ಹೆಸರನ್ನು ತೆಗೆಸಿತು. ಹಾಲಿಂಗ್‌ವರ್ತರೂ ಇಂಥ ಕೆಲವು ನಂಬಿಕೆಗಳಿಂದ ಪೂರ್ತಿ ಬಿಡುಗಡೆ ಪಡೆದವರಲ್ಲ. ಹೆಂಗಸರ ವಿಷಯದಲ್ಲಿ ಗುರುವನ್ನು ಪ್ರಶ್ನಿಸಿದವರು, ಜನಾಂಗ ಮತ್ತು ವಂಶದ ವಿಷಯದಲ್ಲಿ ಪ್ರಶ್ನಿಸಲಿಲ್ಲ. ಚಿಸಮ್‌ರ ಬದುಕೇ ಆ ಪ್ರಶ್ನೆಗೆ ಉತ್ತರವಾಯಿತು.

ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದೊಂದೇ ಗೌರವವಾದರೆ, ಅದು ಕೆತ್ತಿದಂತೆಯೇ ಅಳಿಸಿಯೂ ಹೋಗಬಹುದು. ಆದರೆ ಕಲಿಕೆಯನ್ನು ಪರೀಕ್ಷಿಸಿ ನೋಡಬೇಕೆಂದು ಥಾರ್ನ್‌ಡೈಕರು ಕಲಿಸಿದುದು ಅಳಿಯಲಿಲ್ಲ; ಅದು ಹಾಲಿಂಗ್‌ವರ್ತರ ಕೈಯಲ್ಲಿ ಅವರ ತಪ್ಪನ್ನೇ ತಿದ್ದಿತು. ಗುರುವಿನ ಸೋಲೆಂದರೆ ಇದೇ. ಅವನ ಗೆಲುವೂ ಇದೇ. ನಮ್ಮ ತರಬೇತಿ ಕಾಲೇಜುಗಳೂ ಹಳೆಯ ವಿದ್ಯಾರ್ಥಿಗಳಿಗೆ ಶಾಲು ಹೊದಿಸುವಾಗ, ಇವರು ಯಾವ ಹುದ್ದೆಗೆ ಏರಿದರು ಎಂದಷ್ಟೇ ಕೇಳದೆ, ನಾವು ಹೇಳಿಕೊಟ್ಟ ಯಾವ ಮಾತನ್ನು ಇವರು ತಿದ್ದಿದರು ಎಂದು ಕೇಳಲಿ. ವಾಚಕರಲ್ಲಿ ಉಪಾಧ್ಯಾಯರಾದವರು ನಾಳೆ ತರಗತಿಯಲ್ಲಿ, ಅದು ಹಾಗಲ್ಲ ಸಾರ್ ಎಂದು ಎದ್ದು ನಿಂತ ಹುಡುಗನನ್ನೋ ಹುಡುಗಿಯನ್ನೋ ಕೂರಿಸುವ ಮುನ್ನ ಒಂದು ಕ್ಷಣ ತಡೆದು, ಪೂರ್ತಿಯಾಗಿ ಕೇಳಲಿ.