ಕಡತದಿಂದ ಕಡತಕ್ಕೆ

ಕಂಪ್ಯೂಟರಿನ ಫೈಲನ್ನು ಕನ್ನಡದಲ್ಲಿ ‘ಕಡತ’ ಎನ್ನುತ್ತೇವೆ. ಕಚೇರಿಯಿಂದ ಬಂದ ಈ ಪದದ ಹಿಂದೆ ಒಂದು ಹಳೆಯ ವಸ್ತುವಿದೆ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಅದೇ ಕಡತ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಬರೆದು, ಅಳಿಸಿ, ತಿದ್ದುವ ಸಲಕರಣೆ ಈ ನಾಡಿಗೆ ಹೊಸದಲ್ಲ.

ಆಮೇಲೆ ಬಂದ ಪಾಟಿಯೂ ಹಾಗೆಯೇ, ಸಂಜೆಯ ಹೊತ್ತಿಗೆ ಎಲ್ಲವನ್ನೂ ಮರೆಯುತ್ತಿತ್ತು. ನೋಟುಪುಸ್ತಕ ಬರೆದದ್ದನ್ನು ಉಳಿಸಿತು, ಆದರೆ ಬೇಕಾದಾಗ ಹುಡುಕಿಕೊಡಲಿಲ್ಲ. ಹುಡುಕುವ ಕಷ್ಟಕ್ಕೆ ವಿದ್ವಾಂಸರು ಕಂಡುಕೊಂಡ ಉಪಾಯ ಬಿಡಿ ಚೀಟಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದ, ಪ್ರಯೋಗಗಳ ಚೀಟಿಗಳಿಂದ ಎದ್ದು ನಿಂತದ್ದು. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳನ್ನು ಒಂದಕ್ಕೊಂದು ಸಂಖ್ಯೆಯಿಂದ ಹೆಣೆದಿದ್ದ. ಇಂದಿನ ಟಿಪ್ಪಣಿ ತಂತ್ರಾಂಶಗಳಲ್ಲಿ ಕೆಲವು ಆ ಚೀಟಿಪೆಟ್ಟಿಗೆಯ ಮೊಮ್ಮಕ್ಕಳು.

ಒನ್‌ನೋಟ್ 2003ರಲ್ಲಿ, ನೆನಪಿನ ಚೀಟಿಗಳನ್ನು ಮರುಕಳಿಸಿ ಕೇಳುವ ಆಂಕಿ 2006ರಲ್ಲಿ, ಎವರ್‌ನೋಟ್ 2008ರಲ್ಲಿ, ಗೂಗಲ್ ಕೀಪ್ 2013ರಲ್ಲಿ ಬಂದವು. ಕನ್ನಡದ ವಿದ್ಯಾರ್ಥಿಗೆ ಮಾತ್ರ ಈ ಸಾಲು ಬಹುಕಾಲ ದೂರದ ಬೆಟ್ಟ. 1998ರ ‘ಬರಹ’, ಆಮೇಲಿನ ‘ನುಡಿ’ ತಂತ್ರಾಂಶಗಳು ನಮ್ಮ ಮೇಷ್ಟ್ರುಗಳ ಕೈಗೆ ಕೀಲಿಮಣೆ ಕೊಟ್ಟವು, ನಿಜ. ಆದರೆ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ‘ಕನ್ನಡ’ವನ್ನು ಆ ಫಾಂಟಿಲ್ಲದ ಕಡೆ ತೆರೆಯಿರಿ: ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ, ‘ನ’ ಇದ್ದಲ್ಲಿ ಪೌಂಡಿನ ಚಿಹ್ನೆ! ಕಣ್ಣಿಗೆ ಕನ್ನಡ, ಯಂತ್ರದ ಒಳಗೆ ಇಂಗ್ಲಿಷಿನ ಚೂರುಪಾರು. ಯಂತ್ರ ಇಂಥದ್ದರಲ್ಲಿ ‘ಸಂಧಿ’ಯನ್ನೋ ‘ಸಮಾಸ’ವನ್ನೋ ಹುಡುಕುವುದು ಹೇಗೆ?

ಇದಕ್ಕೆ ಪರಿಹಾರ, ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್; 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅದು ನಿಜವಾಗಿ ದಕ್ಕಿದ್ದು ಮೊಬೈಲಿನ ಕಾಲದಲ್ಲಿ. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ಕೊಟ್ಟಿತು. 2020ರ ಲಾಕ್‌ಡೌನ್ ಬಂದಾಗ ಪಾಠವೆಲ್ಲ ವಾಟ್ಸ್‌ಆ್ಯಪಿಗೆ ಹೋಯಿತು. ಜೆರಾಕ್ಸ್ ಅಂಗಡಿಯ ನೋಟ್ಸು ಪಿಡಿಎಫ್ ಆಯಿತು, ಅಷ್ಟೇ. ಬೇರೆಯವರ ನೋಟ್ಸು ಮೊಬೈಲಿಗೆ ಬಂದರೂ ಬೇರೆಯವರದೇ.

2014ರಲ್ಲಿ ಅಮೆರಿಕದ ಸಂಶೋಧಕರಾದ ಮುಲ್ಲರ್ ಮತ್ತು ಒಪೆನ್‌ಹೈಮರ್, ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುವವರು ಕೇಳಿದ್ದನ್ನು ಪದಶಃ ಇಳಿಸುತ್ತಾರೆ, ಕೈಯಲ್ಲಿ ಬರೆಯುವವರು ತಮ್ಮ ಮಾತಿಗೆ ತಂದುಕೊಳ್ಳುತ್ತಾರೆ, ಅದರಿಂದ ಅರ್ಥ ಚೆನ್ನಾಗಿ ಹತ್ತುತ್ತದೆ ಎಂದರು. ಆಮೇಲಿನ ಪ್ರಯೋಗಗಳಲ್ಲಿ ಆ ಅಂತರ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಪೆನ್ನೋ ಕೀಲಿಮಣೆಯೋ ಎನ್ನುವುದಕ್ಕಿಂತ, ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಹೇಳಿಕೊಂಡೆವೋ ಇಲ್ಲವೋ ಎನ್ನುವುದೇ ಮುಖ್ಯ. ಕಲಿಸುವವರೂ ಪಿಡಿಎಫ್ ಹಂಚಿ ಸುಮ್ಮನಾಗದೆ, ಅದರ ಮೇಲೆ ಮಕ್ಕಳಿಂದ ಐದು ಸಾಲು ಬರೆಸಬೇಕು.

ಹಾಗಾದರೆ ತಂತ್ರಾಂಶದಿಂದ ಸಿಕ್ಕ ದೊಡ್ಡ ಲಾಭ ಯಾವುದು? ಉತ್ತರಕ್ಕೆ ಮೈಸೂರಿನ ರಾಜೀವನಗರದತ್ತ ನೋಡಬೇಕು. ಅಲ್ಲಿ ಕೂಲಿ ಮಾಡುತ್ತಲೇ ಸೈಯದ್ ಇಸಾಕ್ ಎಂಬವರು ನಡೆಸುತ್ತಿದ್ದ ಉಚಿತ ಗ್ರಂಥಾಲಯ 2021ರ ಏಪ್ರಿಲ್ 9ರ ಬೆಳಗಿನ ಜಾವ ಸುಟ್ಟುಹೋಯಿತು. ಸುಮಾರು 11,000 ಪುಸ್ತಕಗಳಿದ್ದವು, ಬಹುಪಾಲು ಕನ್ನಡದವು. ನಾಡಿನ ಒಳಗೂ ಹೊರಗೂ ಜನ ನೆರವಿಗೆ ಮುಂದೆ ಬಂದರು. ಅಚ್ಚಾದ ಪುಸ್ತಕಕ್ಕೆ ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತದೆ. ಓದುವಾಗ ನಾವೇ ಬರೆದಿಟ್ಟ ಟಿಪ್ಪಣಿಗೆ ಇರುವುದು ಒಂದೇ ಪ್ರತಿ. ಅದಕ್ಕೆ ಇನ್ನೊಂದು ಪ್ರತಿ ಮಾಡಿಕೊಡುವುದೇ ತಂತ್ರಾಂಶದ ದೊಡ್ಡ ಲಾಭ.

ಆದ್ದರಿಂದ ಓದುವವರಿಗೂ ಕಲಿಸುವವರಿಗೂ ಒಂದು ಮಾತು: ಯಾವ ತಂತ್ರಾಂಶ ಎಂದು ತಲೆ ಕೆಡಿಸಿಕೊಳ್ಳಬೇಡಿ. ಕನ್ನಡದ ಟಿಪ್ಪಣಿಯನ್ನು ಯೂನಿಕೋಡಿನಲ್ಲಿ ಬರೆಯಿರಿ, ಹಳೆಯ ‘ನುಡಿ’ ಕಡತಗಳನ್ನು ಅದಕ್ಕೆ ಪರಿವರ್ತಿಸಿಕೊಳ್ಳಿ, ಎರಡು ಕಡೆ ಇಡಿ.