ತುಳಿಯುವ ಮುನ್ನ

ಹೋದ ತಿಂಗಳು ಒಂದು ಭಾನುವಾರ ನನ್ನ ತಂಗಿಯ ಮಗ ಮನೆಗೆ ಬಂದ. ಕೈಯಲ್ಲಿ ಹೊಸ ರಸೀದಿ ಪುಸ್ತಕವಿತ್ತು. ಅವನೂ ಅವನ ಕಚೇರಿಯ ಹನ್ನೊಂದು ಮಂದಿ ಗೆಳೆಯರೂ ಸೇರಿ ಬೆಂಗಳೂರಿನಿಂದ ಕನ್ಯಾಕುಮಾರಿಯವರೆಗೆ ಸೈಕಲ್ಲಿನಲ್ಲಿ ಹೋಗುವವರಂತೆ. ಕ್ಯಾನ್ಸರ್ ತಗುಲಿದ ಬಡ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವುದು ಪ್ರವಾಸದ ಉದ್ದೇಶವಂತೆ. ಸಿದ್ಧತೆ ಹೇಗೆ ನಡೆದಿದೆಯೆಂದು ಕೇಳಿದ್ದೇ ತಡ, ಹುಡುಗ ಅರ್ಧ ಗಂಟೆ ಬಿಡದೆ ಮಾತನಾಡಿದ. ನಸುಕಿನಲ್ಲೆದ್ದು ನಂದಿಬೆಟ್ಟದ ದಾರಿಯಲ್ಲಿ ಅಭ್ಯಾಸ, ಪಂಕ್ಚರ್ ಹಾಕುವ ಪಾಠ, ಹಿಂದೆ ಬರುವ ವ್ಯಾನು, ಅದರಲ್ಲಿ ನೀರು, ಬಾಳೆಹಣ್ಣು, ಬದಲಿ ಟ್ಯೂಬು – ಯಾವುದನ್ನೂ ಅವರು ಮರೆತಿರಲಿಲ್ಲ. ಎಲ್ಲವನ್ನೂ ಮೆಚ್ಚಿ ಕೇಳಿದ ಮೇಲೆ ನಾನು, "ನಾನು ಸಾವಿರ ರೂಪಾಯಿ ಕೊಟ್ಟರೆ ಅದರಲ್ಲಿ ಮಕ್ಕಳಿಗೆ ಸೇರುವುದು ಎಷ್ಟಪ್ಪಾ? ವ್ಯಾನಿನ ಬಾಡಿಗೆ ಯಾರು ಕೊಡುತ್ತಾರೆ?" ಎಂದೆ. ಅವನು ತಲೆ ಕೆರೆದುಕೊಂಡು, "ಅದನ್ನು ಇನ್ನೂ ಕೂತು ಮಾತಾಡಿಲ್ಲ ಮಾವ" ಎಂದ.

ಜಿಪುಣತನದಿಂದ ಆಡಿದ ಮಾತಲ್ಲ ಅದು. ಇಂಥ ಪ್ರವಾಸಗಳ ಚರಿತ್ರೆಯನ್ನು ಅಷ್ಟಿಷ್ಟು ಓದಿಕೊಂಡವನಾದ್ದರಿಂದ ಆ ಪ್ರಶ್ನೆ ತಾನಾಗಿ ಬಾಯಿಗೆ ಬಂತು.

ದೂರದ ಸೈಕಲ್ ಪ್ರವಾಸ ನಮ್ಮ ದೇಶದವರಿಗೆ ಹೊಸದಲ್ಲ. ೧೯೨೩ರ ಅಕ್ಟೋಬರ್ ೧೫ರಂದು ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಜಗತ್ತನ್ನು ಸುತ್ತಲು ಹೊರಟರು. ಎಲ್ಲರೂ ಭಾರ ಎತ್ತುವವರ ಸಂಘವೊಂದರಲ್ಲಿ ಮೈ ಪಳಗಿಸಿದವರು. ೧೯೨೮ರ ಮಾರ್ಚಿಯಲ್ಲಿ ಸುತ್ತು ಮುಗಿಸಿ ಊರು ಮುಟ್ಟಿದವರು ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರೇ. ತುಳಿದ ದಾರಿ ಸುಮಾರು ೪೪,೦೦೦ ಮೈಲಿ. ಇದು ಎಂಥವರೂ ಬೆರಗಾಗುವ ಸಾಹಸ. ಆದರೆ ಹಸಿದರೆ ಹಸಿಯುವವರು ಅವರೇ, ಸೋತರೆ ಸೋಲುವವರೂ ಅವರೇ ಆಗಿದ್ದರು. ಇನ್ನೊಬ್ಬರ ನೋವಿನ ಹೆಸರು ಹೇಳಿ ಅವರು ಹೊರಟಿರಲಿಲ್ಲ. ಆ ಹೆಸರು ಸೇರಿಕೊಂಡಾಗ ಸಿದ್ಧತೆಯ ಅರ್ಥವೇ ಬೇರೆಯಾಗುತ್ತದೆ.

ಇದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಬಿಲ್ಲಿ ಸ್ಟಾರ್ ಎಂಬ ತರುಣನ ತಾಯಿ ೧೯೭೪ರಲ್ಲಿ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡರು. ೧೯೮೦ರಲ್ಲಿ ಆತ ನಂಟರು, ಗೆಳೆಯರೆಂದು ಮೂವತ್ತಾರು ಮಂದಿಯ ತಂಡ ಕಟ್ಟಿದ. ಸ್ಪ್ರಿಂಗ್‌ಫೀಲ್ಡಿನಿಂದ ಕಡಲಂಚಿನ ಪ್ರಾವಿನ್ಸ್‌ಟೌನ್‌ವರೆಗೆ ೨೨೦ ಮೈಲಿಯನ್ನು ಅವರು ಎರಡು ದಿನಗಳಲ್ಲಿ ತುಳಿದರು. ಕೂಡಿದ ಹಣ ೧೦,೨೦೦ ಡಾಲರ್. ಅದು ಇಂದು ಡೇನಾ-ಫಾರ್ಬರ್ ಎಂದು ಹೆಸರಾದ ಬಾಸ್ಟನ್ನಿನ ಕ್ಯಾನ್ಸರ್ ಸಂಸ್ಥೆಯ 'ಜಿಮ್ಮಿ ನಿಧಿ'ಗೆ ಸೇರಿತು. 'ಪ್ಯಾನ್-ಮ್ಯಾಸ್ ಚಾಲೆಂಜ್' ಎಂಬ ಆ ಸವಾರಿ ವರ್ಷ ವರ್ಷವೂ ನಡೆದುಬಂದಿದೆ.

ಆ ನಿಧಿಯ ಪೂರ್ವಕಥೆಯಲ್ಲಿ ನಮ್ಮವರೊಬ್ಬರ ಪಾಲೂ ಇದೆ. ೧೯೪೭ರಲ್ಲಿ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ಅಮೈನಾಪ್ಟೆರಿನ್ ಎಂಬ ಹೊಸ ಔಷಧವನ್ನು ಕೊಟ್ಟು ನೋಡಿದರು. ಅದು ಬಂದದ್ದು ಲೆಡರ್ಲೆ ಕಂಪನಿಯಲ್ಲಿ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್ ಅವರು ನಡೆಸುತ್ತಿದ್ದ ಸಂಶೋಧನಾಲಯದಿಂದ. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳ ರೋಗ ಕೆಲವು ಕಾಲ ಇಳಿಯಿತೆಂದು ಫಾರ್ಬರ್ ೧೯೪೮ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ 'ಜಿಮ್ಮಿ' ಎಂಬ ಹೆಸರಿನಲ್ಲಿ ಹನ್ನೆರಡು ವರ್ಷದ ರೋಗಿ ಹುಡುಗನೊಬ್ಬ ಆಸ್ಪತ್ರೆಯ ಹಾಸಿಗೆಯಿಂದಲೇ ರೇಡಿಯೋದಲ್ಲಿ ಮಾತನಾಡಿದ. ಕೇಳಿದ ಜನ ಕಳಿಸಿದ ಹಣ ಎರಡು ಲಕ್ಷ ಡಾಲರನ್ನು ಮೀರಿತು. ಐನರ್ ಗುಸ್ಟಾಫ್ಸನ್ ಎಂಬ ಆ ಹುಡುಗ ಗುಣಹೊಂದಿ, ಸಂಸಾರವಂದಿಗನಾಗಿ ೨೦೦೧ರವರೆಗೆ ಬಾಳಿದ. ಕಣ್ಣಿಗೆ ಕಾಣದ ಮಗುವನ್ನು ನಂಬಿ ಜನ ಕೊಡುವ ಕಾಸಿಗೆ ಇಷ್ಟು ಬೆಲೆಯಿದೆ. ಅದನ್ನು ಬೇಡಲು ಹೊರಟವನ ಹೊಣೆಯೂ ಅಷ್ಟೇ ದೊಡ್ಡದು.

ಆ ಹೊಣೆ ಎಲ್ಲಿ ಎಡವುತ್ತದೆಂಬುದನ್ನು ಕ್ಯಾಲಿಫೋರ್ನಿಯದ ಕಥೆ ಹೇಳುತ್ತದೆ. ೧೯೯೪ರಲ್ಲಿ ಡ್ಯಾನ್ ಪಾಲೊಟಾ ಎಂಬವರು ಏಡ್ಸ್ ರೋಗಿಗಳ ನೆರವಿಗೆಂದು ಸಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲಿಸ್‌ವರೆಗೆ ಏಳು ದಿನದ ಸವಾರಿ ಹೂಡಿದರು. ಮೊದಲ ವರ್ಷ ಹೊರಟವರು ೪೭೮ ಮಂದಿ. ಮುಂದೆ ಅದು ಸಾವಿರಗಳಿಗೆ ಏರಿತು. ಸಾವಿರಾರು ಮಂದಿಗೆ ದಿನಕ್ಕೊಂದು ಕಡೆ ಡೇರೆ, ಊಟ, ಸ್ನಾನ, ವೈದ್ಯರು, ಮೇಲೆ ಜಾಹೀರಾತು! ಕೂಡಿದ ಹಣದಲ್ಲಿ ಖರ್ಚಿನ ಪಾಲು ಹೆಚ್ಚಾಯಿತೆಂಬ ಆಕ್ಷೇಪಣೆ ಎದ್ದಿತು. ನೆರವು ಪಡೆಯುತ್ತಿದ್ದ ಸಂಸ್ಥೆಗಳೇ ಬೇರೆಯಾಗಿ, ೨೦೦೨ರಲ್ಲಿ ತಮ್ಮದೇ ಸವಾರಿಯನ್ನು ಆರಂಭಿಸಿದವು. ಅದು ೨೦೨೫ರ ಜೂನ್‌ವರೆಗೆ ನಡೆಯಿತು. ಪಾಲೊಟಾ ಅವರ ಕಂಪನಿ ೨೦೦೨ರಲ್ಲಿಯೇ ಮುಚ್ಚಿಹೋಯಿತು. ಖರ್ಚಿಗೆ ಹೆದರಿದರೆ ದೊಡ್ಡ ಮೊತ್ತ ಕೂಡಲಾರದೆಂದು ಆಮೇಲೆ ಅವರು ವಾದಿಸಿದರು. ಅದು ತೀರ ತಳ್ಳಿಹಾಕುವ ವಾದವೇನೂ ಅಲ್ಲ. ಆದರೆ ಆ ಖರ್ಚು ಎಷ್ಟು, ಯಾರದು ಎಂಬುದು ಕೊಡುವವನಿಗೆ ಮೊದಲೇ ತಿಳಿದಿರಬೇಕು.

ಮ್ಯಾಸಚೂಸೆಟ್ಸಿನವರು ಕಂಡುಕೊಂಡ ದಾರಿ ಬೇರೆ. ಏರ್ಪಾಟಿನ ಖರ್ಚನ್ನು ಸವಾರರ ಪ್ರವೇಶ ಶುಲ್ಕದಿಂದಲೂ ವ್ಯಾಪಾರ ಸಂಸ್ಥೆಗಳ ನೆರವಿನಿಂದಲೂ ತೂಗಿಸಿ, ಸವಾರರು ಎತ್ತಿದ ಹಣವನ್ನು ೨೦೦೭ರಿಂದ ಪೂರ್ತಿಯಾಗಿ ನಿಧಿಗೆ ಒಪ್ಪಿಸುತ್ತ ಬಂದಿದ್ದಾರೆ. ಇಷ್ಟು ಎತ್ತಿಕೊಡುತ್ತೇನೆಂದು ಸವಾರ ಮಾತು ಕೊಟ್ಟೇ ತಂಡ ಸೇರಬೇಕು. ಕಡಮೆ ಬಿದ್ದದ್ದನ್ನು ತನ್ನ ಜೇಬಿನಿಂದ ತುಂಬಬೇಕು. ೨೦೨೪ರ ವೇಳೆಗೆ ಅವರು ಒಪ್ಪಿಸಿದ ಮೊತ್ತ ನೂರು ಕೋಟಿ ಡಾಲರನ್ನು ದಾಟಿತ್ತು.

ಮೊನ್ನೆ ಭಾನುವಾರ ಹುಡುಗ ಮತ್ತೆ ಬಂದ. ಕಾಲು ಪಳಗಿತೇ ಎಂದು ಕೇಳಿದೆ. "ಕಾಲು ಸರಿಯಾಗಿದೆ ಮಾವ. ನೀವು ಕೇಳಿದ ಲೆಕ್ಕ ಕೂರಿಸೋದೇ ಕಷ್ಟವಾಯ್ತು" ಎಂದ. ವ್ಯಾನು, ಊಟ, ವಸತಿಯ ಖರ್ಚನ್ನು ತಮ್ಮ ತಮ್ಮ ಕೈಯಿಂದಲೇ ಹಾಕಬೇಕೆಂದು ಇವನು ಹೇಳಿದ್ದಕ್ಕೆ ದೊಡ್ಡ ಚರ್ಚೆಯಾಗಿ, ಇಬ್ಬರು ಮುನಿಸಿಕೊಂಡು ತಂಡ ಬಿಟ್ಟರಂತೆ. ಅವರಲ್ಲೊಬ್ಬ ಇವನಿಗೆ ಕಾಲೇಜಿನಿಂದಲೂ ಗೆಳೆಯ. ಅದನ್ನು ಹೇಳುವಾಗ ಅವನ ಮುಖ ಸಪ್ಪಗಾಗಿತ್ತು. ಉಳಿದ ಹತ್ತು ಮಂದಿ ಒಪ್ಪಿದ್ದಾರೆ. ರಸೀದಿ ಈಗ ನೇರವಾಗಿ ಆಸ್ಪತ್ರೆಯ ಹೆಸರಿನಲ್ಲಿದೆ.

ನಾನು ಸಾವಿರ ರೂಪಾಯಿ ಕೊಟ್ಟು ರಸೀದಿ ತೆಗೆದುಕೊಂಡೆ. ಅವನು ಮೆಟ್ಟಿಲಿಳಿಯುವಾಗ ಇನ್ನೂರು ರೂಪಾಯಿಯನ್ನು ಬೇರೆಯಾಗಿ ಅವನ ಜೇಬಿಗೆ ಹಾಕಿ, "ಇದು ನಿಮ್ಮ ಬಾಳೆಹಣ್ಣಿಗೆ; ಇದಕ್ಕೆ ರಸೀದಿ ಬೇಡ" ಎಂದೆ.