ಯಂತ್ರಚಿತ್ರಗಳಲ್ಲಿ ಓರೆಗೆರೆಯ ಇತಿಹಾಸ

ಯಂತ್ರವೊಂದರ ಒಳಭಾಗವನ್ನು ತೋರಿಸಬೇಕಾದಾಗ ಚಿತ್ರಕಾರನು ಅದನ್ನು ಕಲ್ಪನೆಯಿಂದ ಕೊಯ್ದು, ಕೊಯ್ದ ಮುಖವನ್ನು ಬರೆಯುತ್ತಾನೆ. ಇದಕ್ಕೆ ಛೇದಚಿತ್ರವೆಂದು ಹೆಸರು. ಕೊಯ್ತಕ್ಕೆ ಸಿಕ್ಕ ಭಾಗವು ಘನವಾದುದು, ಉಳಿದುದು ಬರಿದಾದುದು ಎಂದು ತಿಳಿಸುವುದಕ್ಕಾಗಿ ಆ ಮುಖದ ಮೇಲೆ ಸಮಾಂತರವಾದ ಓರೆಗೆರೆಗಳನ್ನು ಎಳೆಯುವುದು ವಾಡಿಕೆ. ಕಾರ್ಖಾನೆಗಳಲ್ಲಿ ಇದನ್ನು ಹ್ಯಾಚಿಂಗ್ ಎನ್ನುವರು. ಈಗ ಈ ಗೆರೆಗಳನ್ನು ಗಣಕಯಂತ್ರವೇ ತುಂಬುತ್ತದೆ. ಬರೆಯುವವನು ಬೇರೇನನ್ನೂ ಆರಿಸದಿದ್ದರೆ ಒಂದು ಗೊತ್ತಾದ ಮಾದರಿಯು ತಾನಾಗಿ ಬಂದು ನಿಲ್ಲುವುದು. ಈ ಮಾದರಿಯು ಎಲ್ಲಿಂದ ಬಂದಿತು, ಹಳೆಯ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಇತಿಹಾಸವನ್ನು ಬರೆಯುವವರಿಗೆ ಇದರಿಂದ ಯಾವ ಬಾಧಕವು ಉಂಟಾದೀತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗುವುದು.

ಹುಬ್ಬಳ್ಳಿ-ಧಾರವಾಡಗಳವರಿಗೆ ಈ ವಿಷಯವು ಪರಕೀಯವಲ್ಲ. ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಬ್ಬಳ್ಳಿಯನ್ನು ತನ್ನ ಮೀಟರ್‌ಗೇಜ್ ಮಾರ್ಗಗಳ ಕೇಂದ್ರವನ್ನಾಗಿ ಮಾಡಿಕೊಂಡು ಅಲ್ಲಿ ದೊಡ್ಡ ಕಾರ್ಖಾನೆಯನ್ನು ಕಟ್ಟಿಸಿತು. ಆ ಕಂಪನಿಯು ೧೯೦೮ರಲ್ಲಿ ಮದ್ರಾಸ್ ರೈಲ್ವೆಯೊಡನೆ ಒಂದಾಯಿತು. ಕಾರ್ಖಾನೆಯು ಮಾತ್ರ ಇಂದಿಗೂ ನಡೆದುಬಂದಿದೆ. ೧೯೪೭ರಲ್ಲಿ ಅದೇ ಊರಿನಲ್ಲಿ ಭೂಮರಡ್ಡಿಯವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಹೀಗೆ ಯಂತ್ರಚಿತ್ರವನ್ನು ಓದಿ ಕೆಲಸ ಮಾಡುವವರೂ, ಅದನ್ನು ಬರೆಯಲು ಕಲಿಯುವವರೂ ಈ ಪ್ರಾಂತದಲ್ಲಿ ತಲೆಮಾರುಗಳಿಂದ ಇದ್ದಾರೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪದ್ಧತಿಯಲ್ಲಿ ಛೇದಮುಖಕ್ಕೆ ಗೆರೆಗಿಂತ ಬಣ್ಣವೇ ಮುಖ್ಯವಾಗಿದ್ದಿತು. ಬೀಡು ಕಬ್ಬಿಣಕ್ಕೆ ಬೂದು, ಬಡಿದ ಕಬ್ಬಿಣಕ್ಕೆ ನೀಲಿ, ಉಕ್ಕಿಗೆ ನೇರಳೆ, ಹಿತ್ತಾಳೆಗೆ ಹಳದಿ, ಇಟ್ಟಿಗೆಗೆ ಕೆಂಪು—ಹೀಗೆ ದ್ರವ್ಯಕ್ಕೊಂದು ನೀರುಬಣ್ಣವನ್ನು ಕುಂಚದಿಂದ ತೆಳ್ಳಗೆ ಹರಡುತ್ತಿದ್ದರು. ಚಿತ್ರವನ್ನು ನೋಡಿದೊಡನೆಯೆ ಯಾವ ಭಾಗವನ್ನು ಎರಕ ಹೊಯ್ಯಬೇಕು, ಯಾವುದನ್ನು ಕುಲುಮೆಯಲ್ಲಿ ಬಡಿಯಬೇಕು ಎಂಬುದು ಕೆಲಸಗಾರನಿಗೆ ತಿಳಿಯುತ್ತಿದ್ದಿತು.

ಈ ಪದ್ಧತಿಯನ್ನು ಹಿಂದಕ್ಕೆ ಸರಿಸಿದುದು ಪ್ರತಿ ತೆಗೆಯುವ ಹೊಸ ಉಪಾಯ. ೧೮೪೨ರಲ್ಲಿ ಜಾನ್ ಹರ್ಷೆಲ್ ಎಂಬ ವಿದ್ವಾಂಸನು ಕಬ್ಬಿಣದ ಲವಣಗಳನ್ನು ಲೇಪಿಸಿದ ಕಾಗದವು ಬಿಸಿಲಿಗೆ ನೀಲಿಯಾಗುವುದನ್ನು ಕಂಡುಹಿಡಿದನು. ೧೮೭೦ರ ದಶಕದಿಂದ ಈ ಕ್ರಮವು ಚಿತ್ರಶಾಲೆಗಳಲ್ಲಿ ಬಳಕೆಗೆ ಬಂದಿತು. ನೀಲಿಯ ನೆಲದ ಮೇಲೆ ಬಿಳಿಯ ಗೆರೆ ಮೂಡುವ ಈ ಪ್ರತಿಯಿಂದಲೇ ನಮ್ಮ ಭಾಷೆಗೆ ನೀಲನಕ್ಷೆಯೆಂಬ ಮಾತು ಬಂದಿದೆ. ಅದರಲ್ಲಿ ಗೆರೆಯು ಉಳಿಯುತ್ತಿದ್ದಿತು, ಬಣ್ಣವು ಉಳಿಯುತ್ತಿರಲಿಲ್ಲ. ಆದಕಾರಣ ಬಣ್ಣವು ಹೇಳುತ್ತಿದ್ದುದನ್ನು ಗೆರೆಯೇ ಹೇಳಬೇಕಾಯಿತು. ಇದಕ್ಕೆ ಹಳೆಯ ದೃಷ್ಟಾಂತವೊಂದುಂಟು: ಐರೋಪ್ಯ ಮನೆತನಗಳ ಲಾಂಛನಗಳನ್ನು ಕಪ್ಪುಮಸಿಯಲ್ಲಿ ಅಚ್ಚುಮಾಡುವಾಗ ಕೆಂಪಿಗೆ ನಿಂತ ಗೆರೆ, ನೀಲಿಗೆ ಅಡ್ಡಗೆರೆ, ಹೊನ್ನಿಗೆ ಚುಕ್ಕೆ ಎಂಬ ಸಂಕೇತವನ್ನು ಪೆತ್ರಸಾಂಕ್ತನೆಂಬ ಜೆಸ್ಯೂಟ್ ಪಾದ್ರಿಯು ೧೬೩೮ರ ತನ್ನ ಗ್ರಂಥದಲ್ಲಿ ಬಳಸಿದ್ದನು.

ಗೆರೆಯು ಬಣ್ಣದ ಸ್ಥಾನಕ್ಕೆ ಬಂದ ಮೇಲೆ ಎರಡು ಸಂಪ್ರದಾಯಗಳು ಬೆಳೆದುವು. ಅಮೆರಿಕದವರು ದ್ರವ್ಯಕ್ಕೊಂದು ಮಾದರಿಯನ್ನು ಗೊತ್ತುಮಾಡಿದರು. ೧೯೩೫ರಲ್ಲಿ ಅವರ ರಾಷ್ಟ್ರೀಯ ಮಾನಕವೂ ಹೊರಟಿತು. ಅದರಂತೆ ಸಮಾನ ಅಂತರದ ಸಾದಾ ಓರೆಗೆರೆಯು ಬೀಡು ಕಬ್ಬಿಣದ ಗುರುತು. ಉಕ್ಕಿಗೆ ಜೋಡಿಗೆರೆ, ಹಿತ್ತಾಳೆ, ಕಂಚುಗಳಿಗೆ ಬೇರೆ. ಯಂತ್ರಗಳ ಒಡಲು ಬಹುಮಟ್ಟಿಗೆ ಬೀಡು ಕಬ್ಬಿಣದ್ದಾಗಿದ್ದ ಕಾಲವದು. ಸಾದಾ ಗೆರೆಯನ್ನು ಎಳೆಯುವುದೂ ಸುಲಭ. ಆದುದರಿಂದ ಅದೇ ಗುರುತು ಎಲ್ಲ ದ್ರವ್ಯಗಳಿಗೂ ಸಾಮಾನ್ಯ ಸಂಕೇತವಾಗಿ ನಡೆಯತೊಡಗಿತು. ಭಾರತೀಯ ಮಾನಕದ ದಾರಿ ಬೇರೆ. ಇಲ್ಲಿ ಉಕ್ಕು, ಬೀಡು ಕಬ್ಬಿಣ, ತಾಮ್ರ, ಅಲ್ಯುಮಿನಿಯಂ ಮತ್ತು ಅವುಗಳ ಮಿಶ್ರಲೋಹಗಳಿಗೆಲ್ಲ ಒಂದೇ ಓರೆಗೆರೆ. ಸೀಸ, ಸತು, ತವರ ಮುಂತಾದುವುಗಳಿಗೆ ಇನ್ನೊಂದು. ಒಂದಕ್ಕೊಂದು ತಾಗಿದ ಭಾಗಗಳಲ್ಲಿ ಗೆರೆಯ ದಿಕ್ಕನ್ನು ಇಲ್ಲವೆ ಅಂತರವನ್ನು ಬದಲಿಸಬೇಕು. ಒಂದೇ ಭಾಗಕ್ಕೆ ಎಲ್ಲೆಡೆಯಲ್ಲಿಯೂ ಒಂದೇ ದಿಕ್ಕು. ಅಂದರೆ ಈ ಗೆರೆಯು ಭಾಗಗಳ ಭೇದವನ್ನು ಹೇಳುತ್ತದೆ, ಲೋಹದ ಭೇದವನ್ನು ಹೇಳುವುದಿಲ್ಲ.

೧೯೮೨ರಲ್ಲಿ ಹೊರಬಂದ ಆಟೋಕ್ಯಾಡ್ ಎಂಬ ಗಣಕಸಾಧನವು ಈ ಎರಡರಲ್ಲಿ ಮೊದಲನೆಯದರ ಸಂತತಿ. ಅದರಲ್ಲಿ ಇಂಚಿನ ಚಿತ್ರಕ್ಕೆ ತಾನಾಗಿ ಒದಗುವ ಮಾದರಿಯ ಹೆಸರು ‘ಎ.ಎನ್.ಎಸ್.ಐ. ೩೧’, ಇದು ಅಮೆರಿಕದ ಮಾನಕಸಂಸ್ಥೆಯ ಹೆಸರನ್ನು ಹೊತ್ತಿರುವ, ೪೫ ಅಂಶದ, ಮೇಲೆ ಹೇಳಿದ ಬೀಡು ಕಬ್ಬಿಣದ ಗುರುತೇ ಆಗಿದೆ. ಅದರ ಗೆರೆಗಳ ಅಂತರವು ೦.೧೨೫, ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಮೆಟ್ರಿಕ್ ಚಿತ್ರಗಳಿಗಾಗಿ ಇರುವ ಇನ್ನೊಂದು ಕಡತದಲ್ಲಿ ಇದೇ ಮಾದರಿಯ ಅಂತರವು ೩.೧೭೫ ಮಿಲಿಮೀಟರ್, ೦.೧೨೫ನ್ನು ೨೫.೪ರಿಂದ ಗುಣಿಸಿದರೆ ಬರುವ ಸಂಖ್ಯೆಯೇ ಇದು. ಭಾರತವು ೧೯೫೬ರ ಕಾಯಿದೆಯಿಂದ ಇಂಚನ್ನು ಬಿಟ್ಟುಕೊಟ್ಟರೂ ಓರೆಗೆರೆಯೊಳಗೆ ಇಂಚು ಅಡಗಿ ಕುಳಿತಿದೆ. ಮಿಲಿಮೀಟರಿನ ಚಿತ್ರಕ್ಕೆ ಇಂಚಿನ ಕಡತವು ಒದಗಿದರೆ ಗೆರೆಗಳು ೨೫.೪ ಪಾಲು ಒತ್ತಾಗಿ ಛೇದಮುಖವೆಲ್ಲ ಕಪ್ಪಾಗಿ ತೋರುವುದು.

ಕಪ್ಪಾದುದು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಇತಿಹಾಸಕಾರನಿಗೆ ಇದಕ್ಕಿಂತ ದೊಡ್ಡ ಕೇಡು ಕಣ್ಣಿಗೆ ಬೀಳದುದು. ಬೀಡು ಕಬ್ಬಿಣದ ಮನೆಯೊಳಗೆ ಹಿತ್ತಾಳೆಯ ಬಳೆಯನ್ನು ಕೂರಿಸಿದ ಅಚ್ಚಿನ ಆಧಾರವೊಂದನ್ನು ಭಾವಿಸೋಣ. ಬಣ್ಣದ ಚಿತ್ರದಲ್ಲಿ ಬೂದಿಯ ನಡುವೆ ಹಳದಿ ಕಾಣುವುದು. ಅಮೆರಿಕದ ಗೆರೆಯಲ್ಲಿ ಎರಡು ಮಾದರಿಗಳು ಕಾಣುವುವು. ಭಾರತೀಯ ಕ್ರಮದಲ್ಲಿ ಒಂದೇ ಗೆರೆಯು ಎರಡು ದಿಕ್ಕಿಗೆ ವಾಲಿರುವುದು; ಲೋಹವನ್ನು ಪಕ್ಕದ ಭಾಗಗಳ ಪಟ್ಟಿಯಲ್ಲಿ ನೋಡಬೇಕು. ಹಳೆಯ ಬಣ್ಣದ ಚಿತ್ರವನ್ನು ಇಂದು ಗಣಕಯಂತ್ರಕ್ಕೆ ಇಳಿಸುವವನು ತಾನಾಗಿ ಬಂದ ಮಾದರಿಯನ್ನೇ ಎಲ್ಲ ಕಡೆಗೂ ತುಂಬಿದರೆ ಬಳೆಯು ಯಾವ ಲೋಹದ್ದೆಂಬ ಸಾಕ್ಷ್ಯವು ಸದ್ದಿಲ್ಲದೆ ಅಳಿಯುವುದು. ಮುಂದೆ ಅಮೆರಿಕದ ಪಟ್ಟಿಯನ್ನು ಬಲ್ಲ ಓದುಗನೊಬ್ಬನು ಆ ಪ್ರತಿಯನ್ನು ನೋಡಿ ಬಳೆಯೂ ಬೀಡು ಕಬ್ಬಿಣದ್ದೆಂದು ಬರೆದರೆ ಅವನನ್ನು ದೂರುವಂತಿಲ್ಲ. ಮೂಲ ಕಾಗದವು ಜೀರ್ಣವಾದ ಬಳಿಕ ಆ ಬರಹವನ್ನು ತಿದ್ದುವ ಸಾಧನವೇ ಇರದು.

ಇದಕ್ಕೆ ಪರಿಹಾರವು ಕಷ್ಟದ್ದಲ್ಲ. ಕೆಲಸವನ್ನು ತೊಡಗುವ ಮುನ್ನ ಅಳತೆಯ ಕ್ರಮವನ್ನು ನಿಶ್ಚಯಿಸುವ ‘ಮೆಷರ್‌ಮೆಂಟ್’ ಎಂಬ ಮೌಲ್ಯವನ್ನೂ, ಮಾದರಿಯನ್ನು ನಿಶ್ಚಯಿಸುವ ‘ಎಚ್‌ಪಿನೇಮ್’ ಎಂಬುದನ್ನೂ ನೋಡಿ, ಬೇಕಾದಂತೆ ಇಡಬೇಕು. ಮೆಟ್ರಿಕ್ ಚಿತ್ರಕ್ಕೆ ಮೊದಲನೆಯದು ೧ ಆಗಿರತಕ್ಕದ್ದು. ಅದನ್ನು ಬದಲಿಸಿದರೂ ಮೊದಲೇ ತುಂಬಿದ ಗೆರೆಗಳು ತಾವಾಗಿ ಬದಲಾಗುವುದಿಲ್ಲವೆಂಬುದನ್ನು ಮರೆಯಬಾರದು. ಹಳೆಯ ಚಿತ್ರವನ್ನು ಪ್ರತಿಮಾಡುವಾಗ ಮೂಲದ ಪ್ರತಿಯೊಂದು ಬಣ್ಣಕ್ಕೂ ಬೇರೆ ಮಾದರಿಯನ್ನು ಗೊತ್ತುಮಾಡಿ, ಯಾವುದಕ್ಕೆ ಯಾವುದೆಂಬ ಪಟ್ಟಿಯನ್ನು ಚಿತ್ರದ ಮೂಲೆಯಲ್ಲಿಯೇ ಬರೆಯಬೇಕು. ಶಾಸನದ ಪಡಿಯಚ್ಚನ್ನು ತೆಗೆಯುವವನು ಸವೆದ ಅಕ್ಷರವನ್ನು ತನಗೆ ತೋರಿದಂತೆ ತುಂಬುವುದಿಲ್ಲ. ರೈಲ್ವೆಯ ಚಿತ್ರಗಳೂ ಈ ನಾಡಿನ ಶಾಸನಗಳೇ. ಅವುಗಳಲ್ಲಿನ ಒಂದೊಂದು ಗೆರೆಗೂ ಆ ಮರ್ಯಾದೆಯು ಸಲ್ಲತಕ್ಕದ್ದು.